ಬಾಯಿ ತುಂಬ ಗುಂಡುಸೂಜಿ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ರುಜು ಹಾಕಬಾರದು. ಇದೊಂದು ನೀತಿ ಗೊತ್ತಿದ್ದಿದ್ದರೆ ನಮ್ಮ ಬೀದಿಯ ದರ್ಜಿ ಇಷ್ಟುಹೊತ್ತಿಗೆ ಅರಮನೆ ಕಟ್ಟಿಸಿರುತ್ತಿದ್ದ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ!

ಒಂದು ನೂರು ಸೂಜಿ, ಹೋಗಲಿ, ಹನ್ನೊಂದು ಸೂಜಿ ಕಚ್ಚಿಕೊಂಡು ಅವನು ಗಿರಾಕಿಯ ಪ್ಯಾಂಟಿನ ಅಂಚು ಮಡಿಸುತ್ತಿದ್ದಾಗ, ಹೆಂಡತಿಯ ತಮ್ಮ ಬ್ಯಾಂಕಿನ ಸಾಹೇಬನನ್ನು ಕರೆತಂದಿದ್ದ.

"ಭಾವ, ಸುಮ್ನೆ ಒಂದು ಸಾಕ್ಷಿ ಸಹಿ."

"ಒಪ್ಪಿಗೆ ತಾನೆ?" ಅಂದ ಸಾಹೇಬ.

ಸೂಜಿ ಕಚ್ಚಿದವನು ಇನ್ನೇನು ಅಂದಾನು? "ಹ್ಞೂಂ."

ಅಂದು ರುಜು ಗೀಚಿಯೇಬಿಟ್ಟ. ಅದು ಸಾಕ್ಷಿ ಸಹಿಯಲ್ಲ, ಬಾಮೈದನ ಹೊಸ ಸಾಲಕ್ಕೆ ಜಾಮೀನು! ಬಾಮೈದನ ಹಳೇ ಸಾಲವೇ ಮುಳುಗಿದ್ದು ಸಾಹೇಬನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವನ ಬಾಯಲ್ಲೇನು ಸೂಜಿ ಇತ್ತೇ, ಹೇಳಿ?

ಬಾಮೈದ ಪರಾರಿಯಾದ. ಬ್ಯಾಂಕಿನ ಕಣ್ಣು ಹೊಲಿಗೆ ಮಿಷನ್ ಮೇಲೆ ಬಿತ್ತು. ದರ್ಜಿ ಕೋರ್ಟಿನ ಮೆಟ್ಟಿಲೇರಿದ. ತೀರ್ಪಿನ ದಿನ ಬೆಳಗಾಗುವಷ್ಟರಲ್ಲಿ, ಹೆಣ ಹೊರಲು ಬಂದವರಂತೆ ಬ್ಯಾಂಕಿನ ಗಾಡಿ ಅಂಗಡಿ ಮುಂದೆ ಕಾಯುತ್ತಿತ್ತು.

"ಸಹಿ ಹಾಕೋ ಮುಂಚೆ ಒಂದು ಮಾತು ಕೇಳಬಾರದಿತ್ತೇನ್ರೀ?" ಜಡ್ಜ್ ಗದರಿದರು.

"ಕೇಳೋಕೆ ಬಾಯಿ ಎಲ್ಲಿತ್ತು, ಸ್ವಾಮಿ!" ಸಾಕ್ಷಿಗೆ ಬಂದಿದ್ದ ಎದುರಂಗಡಿಯ ಕ್ಷೌರಿಕ ಎಗರಿದ. "ಅರ್ಧ ಗಡ್ಡ ಹಾಗೇ ಬಿಟ್ಟು ಕಣ್ಣಾರೆ ನೋಡಿದೀನಿ."

ದರ್ಜಿಯ ವಕೀಲ ಅವನ ಬಾಯಿಗೆ ಅಲ್ಲೇ ಹನ್ನೊಂದು ಸೂಜಿ ಇಟ್ಟ.

"ನಿಮ್ಮ ಅಂಗಡಿ ನನಗೆ ಬರೆದುಕೊಡ್ತೀರಾ?" ಕೇಳಿದರು ಜಡ್ಜ್.

"ಹ್ಞೂಂ."

ನ್ಯಾಯಾಲಯದ ಸೂರು ಹಾರುವಂಥ ನಗು! ಜಡ್ಜ್ ಮಾತ್ರ ನಗಲಿಲ್ಲ. ಸಾಹೇಬನತ್ತ ತಿರುಗಿದರು. "ಹಳೇ ಸಾಲದ ವಿಷಯ ಹೇಳಿದ್ರಾ?"

"ಅವರು ಕೇಳಲಿಲ್ಲ, ಸ್ವಾಮಿ."

"ನಾಚಿಕೆ ಆಗಬೇಕು! ಅಪಾಯ ಬಚ್ಚಿಟ್ಟು, ಮೋಸ ಕಣ್ಣೆದುರೇ ನಡೀತಿದ್ರೂ ಸುಮ್ಮನಿದ್ದು ಪಡೆದ ಜಾಮೀನು ಇದು. ರದ್ದು." ಆಮೇಲೆ ದರ್ಜಿಗೆ ಬೆರಳು ತೋರಿಸಿದರು. "ನೀವೂ ಕೇಳಿಸಿಕೊಳ್ಳಿ. ಎಲ್ಲ ತಿಳಿದು ಒಪ್ಪಿದ್ದಿದ್ರೆ ನಾನೂ ಬಿಡಿಸ್ತಿರಲಿಲ್ಲ."

ಗಾಡಿ ಬರಿಗೈಲಿ ಹೋಯಿತು. ದರ್ಜಿ ಮಿಷನ್ನನ್ನು ತಬ್ಬಿಕೊಂಡು ಅತ್ತ. ಕಣ್ಣೀರು ಒರೆಸಲು ಮೂರು ಮೀಟರ್ ಬಟ್ಟೆ ಬೇಕಾಯಿತು, ನಾನೇ ಅಳೆದೆ.

ಮಧ್ಯಾಹ್ನ ಕ್ಷೌರಿಕ ಬಂದ. ಹಿಂದೆಯೇ ಅದೇ ಸಾಹೇಬ!

"ಅಣ್ಣಾ, ನಾಲ್ಕು ತಿರುಗೋ ಕುರ್ಚಿ ತಗೋಬೇಕು, ಸಾಲಕ್ಕೆ ನಿನ್ನ ಜಾಮೀನು. ನಾನಿಲ್ದಿದ್ರೆ ನಿನ್ನ ಮಿಷನ್ ಈಗ ಎಲ್ಲಿರ್ತಿತ್ತು?"

ದರ್ಜಿ ಥಟ್ಟನೆ ಹಿಡಿ ಸೂಜಿ ಬಾಯಿಗೆ ತುಂಬಿಕೊಂಡ.

"ಮೊದಲು ಅದನ್ನ ತೆಗೀರಿ," ಅಂದ ಸಾಹೇಬ. ಪಾಠ ಕಲಿತಿದ್ದ, ಪುಣ್ಯಾತ್ಮ! ಪತ್ರದ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದ. ಕ್ಷೌರಿಕನ ಹಳೇ ಬಾಕಿಯನ್ನು ಕೂಗಿ ಹೇಳಿದ. ಬಿಡಿಸಿ ಹೇಳಲು ಬೇರೊಬ್ಬ ವಕೀಲನನ್ನೂ ಕರೆತಂದಿದ್ದ. ಯೋಚಿಸಲು ಒಂದು ಗಂಟೆ ಕೊಟ್ಟ.

"ರೀ, ಅಷ್ಟು ಉಪಕಾರ ಮಾಡಿದೋರಿಗೆ ಇಲ್ಲ ಅಂತೀರಾ?" ಒಳಗಿನಿಂದ ಹೆಂಡತಿ.

ಉಪಕಾರದ ಕುಣಿಕೆ ಬಿಡಿಸುವ ಜಡ್ಜ್ ಯಾವ ಲೋಕದಲ್ಲಿದ್ದಾರೆ, ತೋರಿಸಿ ನೋಡೋಣ!

"ಎಲ್ಲ ಅರ್ಥ ಆಯ್ತಾ? ಒಪ್ಪಿಗೆ ತಾನೆ?" ಕೇಳಿದ ಸಾಹೇಬ.

ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ.

"ಹ್ಞೂಂ," ಅಂದ ದರ್ಜಿ.