ಬೆನ್ನು ಹತ್ತಿದ ಹಸಿರು ದೋಣಿ

ತಾನು ದೋಣಿಯ ಕ್ಯಾಪ್ಟನ್ ಎಂಬ ಸಂಗತಿ ಇಡೀ ಮಿಷಿಗನ್ ಸರೋವರಕ್ಕೆ ಗೊತ್ತಿದ್ದರೂ ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತಿಲ್ಲವಲ್ಲ ಎಂಬುದು ಗೆರಿಟ್ ವೀನ್‌ಸ್ಟ್ರಾನ ಕೊರಗು. ಬಂಗಾರದ ನೂಲಿನಲ್ಲಿ ಲಂಗರು ಹೊಲಿದ ಬಿಳಿ ಟೋಪಿಯನ್ನು ಅವನು ಮೊದಲ ಸಲ ತಲೆಗೇರಿಸಿ ಕನ್ನಡಿಯ ಮುಂದೆ ನಿಂತಾಗ, ಹೆಂಡ್ರಿಕಾ (ಮನೆಯಲ್ಲಿ ರಿಕಾ) ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎರಡು ಐಸ್‌ಕ್ರೀಮ್ ಕೊಡಪ್ಪ" ಎಂದಿದ್ದಳು.

ಮಸ್ಕೀಗನ್ ಊರಿನಲ್ಲಿ ಜೀವಮಾನವೆಲ್ಲ ಸೋಫಾ ಮಾರಿ ನಿವೃತ್ತನಾದ ಗೆರಿಟ್‌ಗೆ, ಗ್ರೀಟ್ ಚಿಕ್ಕಮ್ಮ ಬಿಟ್ಟುಹೋದ ಆಸ್ತಿಯಲ್ಲಿ ಒಂದು ಹಳೆಯ ಮೋಟಾರು ವಿಹಾರನೌಕೆ ಕೊಳ್ಳಬೇಕೆಂಬ ಜ್ಞಾನೋದಯವಾಗಿತ್ತು. ಕೃತಜ್ಞತೆಗಾಗಿ ನೌಕೆಗೆ 'ಗ್ರೀಟ್ ಚಿಕ್ಕಮ್ಮ' ಎಂದೇ ಹೆಸರಿಟ್ಟ. (ಆ ಪುಣ್ಯಾತ್ಗಿತ್ತಿ ಬದುಕಿದ್ದಷ್ಟು ಕಾಲ ಸ್ನಾನದ ತೊಟ್ಟಿಗಿಂತ ಆಳದ ನೀರಿಗೆ ಇಳಿದವಳಲ್ಲ.) ರಿಕಾ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಈ ಬೇಸಿಗೇಲಿ ಮ್ಯಾಕಿನಾ ದ್ವೀಪದ ತನಕ ಹೋಗೋಣ. ಅಲ್ಲಿ ತಲುಪೋ ಹೊತ್ತಿಗೆ ನನ್ನ ಗಂಟಲು ಸರಿಯಾಗಿದ್ರೆ ದೋಣಿ ಇಟ್ಕೋ. ಕೂಗಿ ಕೂಗಿ ಕೆಟ್ಟು ಹೋಗಿದ್ರೆ ಅಲ್ಲೇ ಮಾರಿ ಫೆರ್ರಿ, ಬಸ್ಸು ಹಿಡಿದು ವಾಪಸ್ ಬರೋಣ."

"ನೀನು ಯಾಕೆ ಕೂಗಬೇಕು? ನಾನು ಆಜ್ಞೆ ಕೊಡ್ತೀನಿ, ನೀನು ಹಗ್ಗ ಎಸೀತೀಯ. ಅಷ್ಟೇ."

ಅಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸರೋವರದ ನಡುವೆ ದೋಣಿ ನಡೆಸುವುದು ಮಹಾ ವಿದ್ಯೆಯೇನಲ್ಲ. ಎದುರಿಗೆ ಆಕಾಶ, ಕೆಳಗೆ ನೀರು, ಎರಡಕ್ಕೂ ಢಿಕ್ಕಿ ಹೊಡೆಯುವುದು ಕಷ್ಟ. ಫಜೀತಿಯೆಲ್ಲ ಸಂಜೆ ಬಂದರಿನ ಕಟ್ಟೆಗೆ ದೋಣಿಯನ್ನು ಒತ್ತಿ ನಿಲ್ಲಿಸುವಾಗ. ಗಂಡ ಮೇಲೆ ಚಕ್ರ ಹಿಡಿದು ಕೂತಿರುತ್ತಾನೆ, ಹೆಂಡತಿ ದೋಣಿಯ ಮೂತಿಯ ಕಡೆ ಹಗ್ಗ ಹಿಡಿದು ಅವನತ್ತ ಮುಖ ಮಾಡಿ ನಿಂತಿರುತ್ತಾಳೆ, ಇಬ್ಬರ ನಡುವೆ ಎಂಜಿನ್ನು ಗುಡುಗುತ್ತಿರುತ್ತದೆ. ಮೊದಲ ತಂಗುದಾಣವಾದ ಪೆಂಟ್‌ವಾಟರ್‌ನಲ್ಲಿ ನಡೆದದ್ದು ಹೀಗೆ.

"ಎಡಕ್ಕೆ ತಗೋ!" ಎಂದಳು ರಿಕಾ.

"ಯಾರ ಎಡಕ್ಕೆ? ನಿನ್ನದೋ ನನ್ನದೋ?"

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ನಿನ್ನದು ನನ್ನದು ಅಂತೀಯಲ್ಲ! ಎಡಕ್ಕೆ!"

"ದೋಣೀಲಿ ಎಡ ಬಲ ಅನ್ನೋದೇ ಇಲ್ಲ ರಿಕಾ! ಪೋರ್ಟು, ಸ್ಟಾರ್‌ಬೋರ್ಡು ಅನ್ನಬೇಕು!"

"ಅದೆಲ್ಲ ನಂಗೊತ್ತಿಲ್ಲ. ಅಡುಗೆಮನೆ ಕಡೆ ತಿರುಗ್ಸು!"

"ಅಡುಗೆಮನೆ ಕಡೆ ಕಂಬ ಇದೆ!"

"ಹಂಗಾದ್ರೆ ಕಕ್ಕಸಿನ ಕಡೆ ತಿರುಗ್ಸು, ಮಾರಾಯ!"

ಎಂಜಿನ್ನು ನಿಂತ ಮೇಲೂ ಗಂಟಲುಗಳು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆಗಲೇ ಗೆರಿಟ್ ಮೊದಲ ಬಾರಿಗೆ ಆ ಹಸಿರು ದೋಣಿಯನ್ನು ಕಂಡದ್ದು. ಅದರ ಪಕ್ಕದ ಕಟ್ಟೆಯ ಮೇಲೆ ಎರಡು ಮಡಚುವ ಕುರ್ಚಿ; ಕುರ್ಚಿಗಳಲ್ಲಿ ಬೆಳ್ಳಿಕೂದಲಿನ ಗಂಡ ಹೆಂಡತಿ. ಇಬ್ಬರೂ ಸರೋವರದಲ್ಲಿ ಮುಳುಗುತ್ತಿದ್ದ ಸೂರ್ಯನಿಗೆ ಬೆನ್ನು ಹಾಕಿ 'ಗ್ರೀಟ್ ಚಿಕ್ಕಮ್ಮ'ನನ್ನೇ ನೋಡುತ್ತಿದ್ದರು. ಹೆಂಗಸು ಗಂಡನ ಕಡೆ ತಿರುಗಿ ಏನೋ ಹೇಳಿ ನಕ್ಕಳು. ಆ ಮನುಷ್ಯ ಗೆರಿಟ್‌ನತ್ತ ತುಂಬ ನೊಂದ ದೃಷ್ಟಿಯೊಂದನ್ನು ಬೀರಿ, ಎದ್ದು ಒಳಗೆ ಹೋದ. ಕಿಟಕಿಯಲ್ಲಿ ಅವನು ಪಾತ್ರೆ ತೊಳೆಯುವುದು ಕಾಣುತ್ತಿತ್ತು.

"ನಮ್ಮ ದೋಣಿಯ ಅಂದ ನೋಡಿ ಬೆರಗಾಗಿದ್ದಾರೆ" ಎಂದ ಗೆರಿಟ್.

ಮಾರನೆಯ ಸಂಜೆ ಲಡಿಂಗ್‌ಟನ್‌ನಲ್ಲೂ ಹಸಿರು ದೋಣಿ. ಮ್ಯಾನಿಸ್ಟೀಯಲ್ಲಿ ಅದು ಇವರಿಗಿಂತ ಮೊದಲೇ ಬಂದಿತ್ತು; ಕುರ್ಚಿಗಳು ಆಗಲೇ ಇವರ ಖಾಲಿ ಜಾಗದತ್ತ ಮುಖ ಮಾಡಿದ್ದವು, ನಡುವೆ ಪುಟ್ಟ ಮೇಜು, ಮೇಜಿನ ಮೇಲೆ ಕಾಫಿ. ಪ್ರತಿ ಸಲವೂ ಹೆಂಗಸಿನ ನಗು, ಗಂಡಸಿನ ನೊಂದ ನೋಟ, ಆಮೇಲೆ ಪಾತ್ರೆ.

ಅಲ್ಲಿಂದ ಮುಂದೆ ಗೆರಿಟ್-ರಿಕಾ ದಂಪತಿಗಳಿಗೆ ಸರೋವರದ ಮೇಲಿನ ಆಸಕ್ತಿಯೇ ಹೊರಟುಹೋಯಿತು. ಎಡಗಡೆ ಸಮುದ್ರದಂಥ ನೀಲಿ ನೀರು, ಬಲಗಡೆ ಬೆಟ್ಟದೆತ್ತರ ಮರಳ ದಿಬ್ಬಗಳು; ಇವರ ಕಣ್ಣು ಮಾತ್ರ ಹಿಂದೆ. ದೀಪಸ್ತಂಭ ನೋಡಲೆಂದು ಕೊಂಡಿದ್ದ ದುರ್ಬೀನು ಆ ಪ್ರವಾಸದಲ್ಲಿ ಒಂದೇ ಒಂದು ದೀಪಸ್ತಂಭವನ್ನೂ ನೋಡಲಿಲ್ಲ.

"ದೋಣಿ ಕೊಳ್ಳೋಕೆ ಬಂದಿರೋರು. ಬೆಲೆ ಕೇಳೋಕೆ ಸಂಕೋಚ ಪಡ್ತಿದ್ದಾರೆ" ಎಂಬುದು ಗೆರಿಟ್‌ನ ಸಿದ್ಧಾಂತ.

"ಕೊಳ್ಳೋರು ಯಾರಾದ್ರೂ ಅಳುಮುಖ ಹಾಕ್ಕೊಂಡು ಪಾತ್ರೆ ತೊಳೀತಾರಾ? ಆ ಹೆಂಗಸು ಅವನನ್ನ ಹಿಡಿದಿಟ್ಕೊಂಡಿದ್ದಾಳೆ. ಅವನು ಕಣ್ಣಲ್ಲೇ ನಮ್ಮನ್ನ ಕಾಪಾಡಿ ಅಂತ ಕೇಳ್ತಿದ್ದಾನೆ." ಇದು ರಿಕಾಳ ಸಿದ್ಧಾಂತ.

"ಪಾತ್ರೆ ತೊಳೆಸೋದು ಅಪರಾಧ ಆದ್ರೆ ನಾನೂ ಯಾರನ್ನಾದ್ರೂ ಕಾಪಾಡಿ ಅಂತ ಕೇಳಬೇಕಾಗುತ್ತೆ."

"ನೀನು ಕೊನೇ ಸಲ ಪಾತ್ರೆ ಮುಟ್ಟಿದ್ದು ಯಾವಾಗ? ತಿನ್ನೋಕೆ ಮುಟ್ಟಿದ್ದು ಬಿಟ್ಟು ಹೇಳು."

ಮುಂದಿನ ತಂಗುದಾಣವಾದ ಫ್ರಾಂಕ್‌ಫೋರ್ಟ್ ಬಂದರಿನಲ್ಲಿ ಗೆರಿಟ್ ಒಂದು ಚಾಣಕ್ಯ ತಂತ್ರ ಹೂಡಿದ. ಬೆಳಿಗ್ಗೆ ಹೊರಡುವವನಂತೆ ಹಗ್ಗ ಬಿಚ್ಚಿ, ಎಂಜಿನ್ನು ಗುಡುಗಿಸಿ, ಮತ್ತೆ ಹಗ್ಗ ಕಟ್ಟಿದ. ಹಸಿರು ದೋಣಿಯವರೂ ಹಗ್ಗ ಬಿಚ್ಚಿದರು, ಗುಡುಗಿಸಿದರು, ಕಟ್ಟಿದರು. ರಿಕಾ ಒಗೆಯುವ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಆ ದೋಣಿಯ ಪಕ್ಕದಲ್ಲಿ ಹೋಗುತ್ತ ಬರುತ್ತ ಬೇಹು ನಡೆಸಿದಳು. ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಒಗೆಯಲು ಒಯ್ದಳು. ವಾಪಸು ಬಂದವಳ ಮುಖ ಕೆಂಪಾಗಿತ್ತು.

"ನನ್ನ ನೋಡಿದ ತಕ್ಷಣ ಇಬ್ಬರೂ ಮಾತು ನಿಲ್ಸಿದ್ರು, ಗೆರಿಟ್. ಆ ಹೆಂಗಸು ಎದ್ದು ನಿಂತು ಎದೆ ಮೇಲೆ ಕೈ ಇಟ್ಕೊಂಡು ತಲೆ ಬಾಗಿಸಿದ್ಳು. ಚರ್ಚಲ್ಲಿ ಕೂಡ ನಂಗೆ ಯಾರೂ ಹಾಗೆ ಮರ್ಯಾದೆ ಕೊಟ್ಟಿಲ್ಲ."

"ಅವನು?"

"ಅವನು ನನ್ನ ನೋಡಿ ಮುಖ ತಿರುಗಿಸ್ಕೊಂಡ."

ಲೀಲೆಂಡ್‌ನಲ್ಲಿ ಮಂಜು ಕವಿಯಿತು. ಎಂಥ ಮಂಜೆಂದರೆ, ಗೆರಿಟ್‌ಗೆ ತನ್ನ ಟೋಪಿಯ ಲಂಗರೇ ಕಾಣದಷ್ಟು. (ಅದು ಹಣೆಯ ಮೇಲಿದ್ದದ್ದರಿಂದ ಮಂಜಿಲ್ಲದಾಗಲೂ ಕಾಣುತ್ತಿರಲಿಲ್ಲ, ಆ ಮಾತು ಬೇರೆ.) ಯಾವ ದೋಣಿಯೂ ಕದಲುವಂತಿರಲಿಲ್ಲ. ಮೀನನ್ನು ಹೊಗೆಯಲ್ಲಿ ಒಣಗಿಸುವ ಗುಡಿಸಲುಗಳ ವಾಸನೆ ಕಟ್ಟೆಯುದ್ದಕ್ಕೂ ಹರಡಿತ್ತು. ರಿಕಾ ಇನ್ನು ತಡೆಯದಾದಳು. ಬಾದಾಮಿ ಹೂರಣದ ಡಚ್ ತಿಂಡಿ ಬ್ಯಾಂಕೆಟ್ ಸುರುಳಿಯನ್ನು ಒಲೆಯಿಂದ ತೆಗೆದು ತಟ್ಟೆಗೆ ಹಾಕಿ, ಗಂಡನ ಕೈಗೆ ತುರುಕಿದಳು.

"ನಡಿ. ಪಕ್ಕದ ಮನೆಯವರಿಗೆ ತಿಂಡಿ ಕೊಡೋದಕ್ಕೆ ಯಾರ ಅಪ್ಪಣೆ ಬೇಕು?"

ಹಸಿರು ದೋಣಿಯ ಬಾಗಿಲು ತೆರೆದ ಹೆಂಗಸು ಇವರನ್ನು ಕಂಡು, ಸಿನಿಮಾದವರೇ ಮನೆಗೆ ಬಂದರೇನೋ ಎನ್ನುವಂತೆ ಕೆನ್ನೆಗೆ ಕೈ ಹಚ್ಚಿದಳು. "ಅರ್ವೋ! ಅವರೇ ಬಂದಿದ್ದಾರೆ!"

ಅವಳು ಐಲಾ ಲಹ್ತಿ, ಗಂಡ ಅರ್ವೋ. ಸರೋವರದ ಆಚೆ ದಡದ ಎಸ್ಕನಾಬಾದವರು, ಫಿನ್ನಿಷ್ ಮೂಲದವರು. ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು, ಕಾಫಿ ಮೇಜಿಗೆ ಬಂದವು. ಗೆರಿಟ್ ಗಂಟಲು ಸರಿಮಾಡಿಕೊಂಡ. "ನೋಡಿ, ನೇರವಾಗಿ ಕೇಳ್ತೀನಿ. ನೀವು ಪೆಂಟ್‌ವಾಟರ್‌ನಿಂದ ನಮ್ಮ ಹಿಂದೇನೇ ಬರ್ತಿದ್ದೀರಿ. ನಮ್ಮ ದೋಣಿ ಬೇಕಿದ್ರೆ..."

"ಅಯ್ಯೋ, ನಿಮ್ಮ ದೋಣಿ ಯಾರಿಗೆ ಬೇಕು!" ಎಂದಳು ಐಲಾ. "ನಿಮ್ಮ ಜಗಳ ಚೆನ್ನಾಗಿರುತ್ತೆ."

ಅರ್ವೋ ಕಾಫಿ ಬಟ್ಟಲಿನೊಳಗೆ ಇಣುಕಿ ನೋಡಿದ.

"ತಪ್ಪು ತಿಳ್ಕೋಬೇಡಿ" ಎಂದು ಐಲಾ ದನಿ ತಗ್ಗಿಸಿದಳು. "ನಮ್ಮಿಬ್ಬರಲ್ಲಿ ಜಗಳವೇ ಇಲ್ಲ. ಮಾತಿದ್ರೆ ತಾನೇ ಜಗಳ? ಕಾಫಿ ಬೇಕಾ, ಬೇಡ. ಮಳೆ ಬರುತ್ತಾ, ಬರಬಹುದು. ಎಷ್ಟೋ ವರ್ಷದಿಂದ ಅಷ್ಟೇ. ಅವತ್ತು ಪೆಂಟ್‌ವಾಟರ್‌ನಲ್ಲಿ ನೀವು ಅಡುಗೆಮನೆ, ಕಕ್ಕಸು ಅಂತ ಕೂಗಾಡಿದ್ರಲ್ಲ, ಆಗ ಇವರು ಅಂದ್ರು, ಗಂಡಸಿನದ್ದೇ ಸರಿ ಅಂತ. ನಾನಂದೆ, ಹೆಂಗಸಿನದ್ದೇ ಸರಿ. ಮಲಗೋ ತನಕ ವಾದ ಮಾಡಿದ್ವಿ. ಬೆಳಿಗ್ಗೆ ಎದ್ದು ಮತ್ತೆ ವಾದ ಮಾಡಿದ್ವಿ. ನಾವು ಮನೆಗೆ ಹೋಗಬೇಕಿತ್ತು. ಇವರೇ ಅಂದ್ರು, ಇನ್ನೊಂದು ಸಂಜೆ ನೋಡೋಣ ಅಂತ."

ರಿಕಾಳ ಕಣ್ಣು ಮಿಂಚಿತು. "ವಾದದಲ್ಲಿ ಯಾರು ಗೆದ್ರು?"

"ಅದಕ್ಕೆ ಮೊದಲ ಸಂಜೆಯೇ ಪಣ ಇಟ್ಕೊಂಡ್ವಿ. ಕಟ್ಟೆ ಮೇಲೆ ನಿಂತು ನೋಡಿದ ಬೇರೆ ದೋಣಿಯವರನ್ನ ಕೇಳ್ತೀವಿ. ಇವತ್ತಿನ ತಪ್ಪು ಗಂಡನದ್ದು ಅಂತ ಅವರಂದ್ರೆ ಇವರು ಪಾತ್ರೆ ತೊಳೀಬೇಕು, ಹೆಂಡತೀದು ಅಂದ್ರೆ ನಾನು."

ಗೆರಿಟ್‌ಗೆ ಅರ್ವೋನ ನೊಂದ ನೋಟದ ಅರ್ಥ ಆಗ ಹೊಳೆಯಿತು. ಇಷ್ಟು ಹೊತ್ತು ಮಾತೇ ಆಡದಿದ್ದ ಆ ಮನುಷ್ಯ ತನ್ನ ಒರಟಾದ, ನೀರಿನಲ್ಲಿ ನೆನೆದು ಬಿಳಿಚಿದ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ತೋರಿಸಿದ.

"ನಾನು ನಿಮ್ಮನ್ನ ನಂಬಿದ್ದೆ" ಎಂದ.

ವಾಪಸು ಬರುವಾಗ ಗೆರಿಟ್ ಮಂಜಿನಲ್ಲಿ ಕೊತಕೊತ ಕುದಿಯುತ್ತಿದ್ದ. ಇಡೀ ಬಂದರು ತನ್ನ ಬಗ್ಗೆ ತೀರ್ಪು ಕೊಟ್ಟಿತ್ತು. ಊರೂರಿಗೂ, ಸಂಜೆ ಸಂಜೆಗೂ, ಒಂದು ಸಲವಾದರೂ ತನ್ನ ಪರ ಅಲ್ಲ! ಆ ಕೋಪದಲ್ಲೂ ಅವನಿಗೊಂದು ಕುತೂಹಲ. ಲಡಿಂಗ್‌ಟನ್‌ನಲ್ಲಿ ಹಗ್ಗ ನೀರಿಗೆ ಬಿದ್ದದ್ದು ಸ್ಪಷ್ಟವಾಗಿ ರಿಕಾಳ ತಪ್ಪು. ಅದಕ್ಕೇನಂದರಂತೆ? ಮತ್ತೆ ಹೋಗಿ ಕೇಳಲು ನಾಚಿಕೆಯಾಯಿತು.

"ರಿಕಾ, ಇನ್ನು ಮುಂದೆ ನಮ್ಮ ದೋಣಿಯಿಂದ ಒಂದು ಜೋರು ಮಾತು ಹೊರಗೆ ಬೀಳಬಾರದು. ಎಲ್ಲ ಕೈ ಸನ್ನೆ. ಬಾಯಲ್ಲಿ ನಗು."

"ನಂಗೇನೂ ತೊಂದರೆ ಇಲ್ಲ. ಗಂಟಲೂ ಉಳಿಯುತ್ತೆ" ಎಂದಳು ರಿಕಾ. ಅವಳ ದನಿಯಲ್ಲಿ ಅಷ್ಟೇನೂ ಉತ್ಸಾಹವಿರಲಿಲ್ಲ.

ಮಂಜು ಕರಗಿತು. ಅಲ್ಲಿಂದ ಮ್ಯಾಕಿನಾವರೆಗೆ 'ಗ್ರೀಟ್ ಚಿಕ್ಕಮ್ಮ'ನ ಮೇಲೆ ನಡೆದ ಸಂಭಾಷಣೆ ಯಾವ ರಾಯಭಾರ ಕಚೇರಿಗೂ ಶೋಭೆ ತರುವಂಥದ್ದು. "ಪ್ರಿಯೆ, ಸಾಸಿವೆ ಕೊಡುವೆಯಾ?" "ಸಂತೋಷದಿಂದ, ಪ್ರಿಯ." ಇಬ್ಬರಿಗೂ ತಿಂದದ್ದು ಅರಗಲಿಲ್ಲ.

ಮ್ಯಾಕಿನಾ ಬಂದರು ಸಂಜೆಬಿಸಿಲಿನಲ್ಲಿ ಗಿಜಿಗುಡುತ್ತಿತ್ತು. ಕಾರುಗಳಿಗೆ ಪ್ರವೇಶವಿಲ್ಲದ ಆ ದ್ವೀಪದಲ್ಲಿ ಕುದುರೆ ಲದ್ದಿಯ ವಾಸನೆಗೂ ಫಡ್ಜ್ ಮಿಠಾಯಿಯ ವಾಸನೆಗೂ ಗಾಳಿಯಲ್ಲಿ ಎಂದಿನ ಪೈಪೋಟಿ. ಲಹ್ತಿ ದಂಪತಿಗಳು ಮೊದಲೇ ತಲುಪಿ ಕುರ್ಚಿ, ಮೇಜು, ಕಾಫಿ ಜಗ್ಗು ಹೂಡಿಯಾಗಿತ್ತು. ಸುತ್ತಲಿನ ದೋಣಿಗಳಿಂದಲೂ ಜನ ಇಳಿದು ಬಂದಿದ್ದರು. ಕೀರ್ತಿ ದೋಣಿಗಿಂತ ವೇಗವಾಗಿ ಸಾಗಿತ್ತು. ಅರ್ವೋ ಎರಡೂ ಕೈ ಜೋಡಿಸಿ ಗೆರಿಟ್‌ನನ್ನೇ ನೋಡುತ್ತಿದ್ದ.

ಇವತ್ತು ಆ ಬಡಪಾಯಿಯನ್ನು ಗೆಲ್ಲಿಸಿಯೇ ತೀರಬೇಕೆಂದು ಗೆರಿಟ್ ಪಣ ತೊಟ್ಟ. ಎದೆ ಉಬ್ಬಿಸಿ, ನಗು ಅಂಟಿಸಿಕೊಂಡು ದೋಣಿಯನ್ನು ಒಳಗೆ ತಂದ. ರಿಕಾ ಮೂತಿಯಲ್ಲಿ ಮಹಾರಾಣಿಯಂತೆ ನಿಂತಿದ್ದಳು. ಕಟ್ಟೆ ಹತ್ತಿರವಾಯಿತು. ಅವಳು 'ನಿಲ್ಲಿಸು' ಎಂದು ಅಂಗೈ ಎತ್ತಿದಳು. ಹೆಂಡತಿ ಅಭಿಮಾನಿಗಳಿಗೆ ಕೈ ಬೀಸುತ್ತಿದ್ದಾಳೆಂದು ಭಾವಿಸಿದ ಗೆರಿಟ್ ತಾನೂ ಟೋಪಿ ಎತ್ತಿ ಗಂಭೀರವಾಗಿ ಬೀಸಿದ. ಅವಳು ಇನ್ನೊಂದು ಅಂಗೈಯನ್ನೂ ಎತ್ತಿದಳು. ಅವನು ಸೊಂಟ ಬಾಗಿಸಿ ವಂದಿಸಿದ.

"ಗೆರಿಟ್, ಪ್ರಿಯ" ಎಂದಳು ರಿಕಾ, ಹಲ್ಲುಗಳ ಸಂದಿಯಿಂದ. "ನಿನಗೆ ತೊಂದರೆ ಇಲ್ಲದಿದ್ರೆ..."

"ಏನಂದೆ, ಚಿನ್ನಾ? ಎಂಜಿನ್ ಸದ್ದಲ್ಲಿ ಕೇಳಿಸ್ತಿಲ್ಲ!"

'ಗ್ರೀಟ್ ಚಿಕ್ಕಮ್ಮ' ಕಟ್ಟೆಯ ಅಂಚಿಗೆ ಧಡ್ ಎಂದು ಗುದ್ದಿತು. ಅದರ ಮೂತಿ ಕಟ್ಟೆಯ ಮೇಲಕ್ಕೆ ಚಾಚಿ, ಮೇಜನ್ನು ಮೆಲ್ಲಗೆ, ಬಹಳ ನಾಜೂಕಾಗಿ ತಳ್ಳಿತು. ಲಹ್ತಿಗಳು ಎದ್ದು ಹಾರಿದರು. ಜಗ್ಗು, ಬಟ್ಟಲು, ಪುಲ್ಲಾ ಬ್ರೆಡ್ಡು ಸಾಲಾಗಿ ನೀರಿಗಿಳಿದವು.

ಬಂದರಿಗೆ ಬಂದರೇ ಉಸಿರು ಬಿಗಿಹಿಡಿಯಿತು.

"ಗೆರಿಟ್!" ಸನ್ನೆ, ನಗು, ಪ್ರಿಯ ಎಲ್ಲವನ್ನೂ ರಿಕಾ ನೀರಿಗೆ ಎಸೆದಳು. "ಕೈ ಎತ್ತಿದ್ದು ಕಾಣ್ಲಿಲ್ವಾ? ನಾನೇನು ಸಂತೆಗೆ ಬಂದಿದ್ದೀನಾ ಕೈ ಬೀಸೋಕೆ? ಹಿಂದಕ್ಕೆ ತಗೋ! ಹಿಂದಕ್ಕೆ!"

ಚಪ್ಪಾಳೆಯೋ ಚಪ್ಪಾಳೆ. ಯಾರೋ ಸಿಳ್ಳೆ ಹೊಡೆದರು. ತೀರ್ಪು ಕೇಳುವ ಅಗತ್ಯವೇ ಬೀಳಲಿಲ್ಲ. ಅರ್ವೋ ನೆಂದ ಮೇಜುಬಟ್ಟೆಯನ್ನು ಹಿಂಡುತ್ತ ನಿಂತಿದ್ದ.

ಹಗ್ಗ ಕಟ್ಟಿ ಮುಗಿದ ಮೇಲೆ ಗೆರಿಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೆಂಡತಿಯ ಮುಂದೆ ಬಂದ. ಆ ದೋಣಿಯನ್ನು ಅವನು ನಿಜಕ್ಕೂ ಪ್ರೀತಿಸುತ್ತಿದ್ದ.

"ಆಯ್ತು ರಿಕಾ. ಮಾತು ಅಂದ್ರೆ ಮಾತು. ನಾಳೆ ಮಾರಿಬಿಡೋಣ."

"ಮಾರೋದಾ?" ರಿಕಾಳ ದನಿ ಸ್ವಲ್ಪವೂ ಕೆಟ್ಟಿರಲಿಲ್ಲ, ಗಂಟೆಯಂತೆ ಮೊಳಗಿತು. "ಊರೂರಲ್ಲಿ, ಅಪರಿಚಿತರ ಮುಂದೆ, ಪ್ರತಿ ದಿನ ನಂದೇ ಸರಿ ಅಂತ ತೀರ್ಮಾನ ಆಗ್ತಿದೆ. ಮನೇಲಿ ಕೂತ್ರೆ ಯಾರು ಹೇಳ್ತಾರೆ? ವಾಪಸ್ ಹೋಗ್ತಾ ಎಲ್ಲ ಬಂದರಲ್ಲೂ ನಿಲ್ಸೋಣ."

ನೀರುಪಾಲಾದ ಬಟ್ಟಲುಗಳ ಬದಲಿಗೆ ಆ ಸಂಜೆ ಊಟ ವೀನ್‌ಸ್ಟ್ರಾಗಳ ಲೆಕ್ಕದಲ್ಲಿ ನಡೆಯಿತು. ಊಟವಾದ ಮೇಲೆ ಹೆಂಗಸರಿಬ್ಬರೂ ಕಟ್ಟೆಯ ಕುರ್ಚಿಗಳಲ್ಲಿ ಕಾಲು ಚಾಚಿ ಕೂತರು. ಐಲಾಳ ಮಾತು, ರಿಕಾಳ ನಗು ತೆರೆದ ಕಿಟಕಿಯಿಂದ ಒಳಗೆ ಬರುತ್ತಿತ್ತು. ಒಳಗೆ, ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಅರ್ವೋ ತೊಳೆಯುತ್ತಿದ್ದ, ಗೆರಿಟ್ ಒರೆಸುತ್ತಿದ್ದ. ಕೊನೆಗೆ ಅರ್ವೋ ಒಂದು ತಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, ಗೆರಿಟ್‌ನ ಕೈಗಿತ್ತ.

"ಬೇಜಾರು ಮಾಡ್ಕೋಬೇಡಿ" ಎಂದ. "ನಾಳೆಯಿಂದ ನಾನು ನಿಮ್ಮ ಹೆಂಡ್ತಿ ಕಡೆ."

ಗೆರಿಟ್ ತಟ್ಟೆ ಒರೆಸುತ್ತ ಅತ್ತಿತ್ತ ನೋಡಿ, ಕಿಟಕಿಯಾಚೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದ:

"ಆ ಕಡೆ ಇನ್ನೊಬ್ಬರಿಗೆ ಜಾಗ ಇದೆಯಾ?"