ನಿಲ್ಲದ ಹಾಗೆ ನೋಡ್ಕೋ

ಆಫೀಸಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಾದದ್ದೇ ಗುಮಾಸ್ತನ ಗ್ರಹಚಾರಕ್ಕೆ ಮೂಲ. ಹನ್ನೆರಡು ವರ್ಷ ಕಕ್ಕಸಿನ ಬಾಗಿಲ ಬಳಿ ಕೂತು ಪಾಪ, ಅವನ ಮೂಗು ಅರ್ಧ ಸವೆದುಹೋಗಿತ್ತು.

ಅವತ್ತು ಮ್ಯಾನೇಜರಿಗೆ ಹಲ್ಲುನೋವು. ಕುಂಬಳಕಾಯಿಯಂಥ ಕೆನ್ನೆ ಹಿಡಿದುಕೊಂಡು ಕೈಗಡಿಯಾರ ಬಿಚ್ಚಿ ಗುಮಾಸ್ತನಿಗೆ ಕೊಟ್ಟರು.

"ಹಲ್ಲು ಕೀಳುವಾಗ ನಾನು ಕೈಕಾಲು ಬಡೀತೀನಿ, ಇದಕ್ಕೆ ಪೆಟ್ಟಾಗುತ್ತೆ. ನಿಲ್ಲದ ಹಾಗೆ ನೋಡ್ಕೋ. ನಿಂತ್ರೆ ಅದರೊಳಗಿನ ತಾರೀಖು, ಚಂದ್ರ ಎಲ್ಲಾ ದಾರಿ ತಪ್ತವೆ. ಸರಿಮಾಡೋಕೆ ಸಮುದ್ರದಾಚೆ ಕಳಿಸ್ಬೇಕು. ಸಂಜೆ ಓಡ್ತಾ ಇದ್ರೆ ಕಿಟಕಿ ಕುರ್ಚಿ ನಿಂದು."

ಗಡಿಯಾರವೋ, ಮೂರು ಲೋಕವನ್ನೂ ಬಿಲ್ಲೆಯೊಳಗೆ ತುರುಕಿದ ಹಾಗಿತ್ತು. ಚಕ್ರಗಳೇ ಏಳುನೂರು. ಗಡಿಯಾರದ ಹುಚ್ಚಿನ ಕ್ಯಾಷಿಯರ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಓಡಿಬಂದ.

"ಆಹಾ, ಎಂಥಾ ಕೆತ್ತನೆ! ಎಂಥಾ ಕುಸುರಿ!"

"ಅಣ್ಣಾ, ಒಂಚೂರು ಕೀಲಿ ಕೊಡ್ಲಾ?"

"ಅಯ್ಯೋ ಪಾಪಿ, ಮುಟ್ಟೀಯ! ಚಂದ್ರ ಉದುರಿಬಿಡ್ತಾನೆ. ಇಂಥಾ ದುಬಾರಿ ಗಡಿಯಾರ ಎಲ್ಲಾ ಕೈ ಅಲ್ಲಾಡಿದ್ರೇನೇ ಓಡೋದು. ಬೀಸು, ನಿಲ್ಲಿಸ್ಬೇಡ!"

ಗುಮಾಸ್ತ ಗಡಿಯಾರ ಕೈಗೆ ಕಟ್ಟಿಕೊಂಡು ಬೀಸಿದ. ಲೋಟದ ನೀರು ಟೈಪಿಸ್ಟ್ ಅಕ್ಕನ ಮಡಿಲು ಸೇರಿತು.

"ಏನೋ, ಮೈಮೇಲೆ ಏನಾದ್ರೂ ಬಂದಿದೆಯೇನೋ?"

"ಕುರ್ಚಿ ಅಕ್ಕಾ, ಕುರ್ಚಿ!"

ಗಾಳಿ ಬರಲೆಂದು ಬೀದಿ ಬಾಗಿಲಿಗೆ ಹೋಗಿ ಬೀಸಿದ. ಬಸ್ಸು ನಿಂತಿತು. ಹತ್ತಲಿಲ್ಲವೆಂದು ಕಂಡಕ್ಟರ್ ಅವನ ಏಳು ತಲೆಮಾರನ್ನು ನೆನೆದು ಹೋದ. ಎದುರಿನ ದರ್ಜಿ ತನ್ನನ್ನೇ ಕರೆದನೆಂದು ಹೊಲಿಯುತ್ತಿದ್ದ ಪ್ಯಾಂಟಿನ ಸಮೇತ ಬಂದ. ಊಟದ ಹೊತ್ತಿನಲ್ಲಿ ತುತ್ತು ಬಾಯಿ ಬಿಟ್ಟು ಕಿವಿಗೆ ಹೋಯಿತು. ಕ್ಯಾಷಿಯರ್ ಮಾತ್ರ ಬೀಸುವ ಕೈಯ ಹಿಂದೆಯೇ ಕತ್ತು ತಿರುಗಿಸುತ್ತಾ, "ಭೇಷ್ ತಮ್ಮಾ, ಚಂದ್ರ ಖುಷಿಯಾಗಿದ್ದಾನೆ!" ಎನ್ನುತ್ತಿದ್ದ.

ಸಂಜೆ ಮ್ಯಾನೇಜರ್ ಬಂದರು. ಗುಮಾಸ್ತನ ಕೈ ಒನಕೆಯಾಗಿತ್ತು. ಅವರು ಗಡಿಯಾರವನ್ನು ಕಿವಿಗಿಟ್ಟುಕೊಂಡರು. ಸದ್ದಿಲ್ಲ. ಮುಳ್ಳುಗಳು ಮಧ್ಯಾಹ್ನ ಹನ್ನೆರಡೂಕಾಲಿಗೇ ಮಲಗಿದ್ದವು.

"ಕೀಲಿ ಕೊಡ್ಲಿಲ್ವೇನಯ್ಯಾ? ದಿನಾ ಕೀಲಿ ಕೊಡೋ ಗಡಿಯಾರ ಇದು!"

ಗುಮಾಸ್ತ ಪಿಳಿಪಿಳಿ ಕಣ್ಣುಬಿಟ್ಟು ಕ್ಯಾಷಿಯರನತ್ತ ನೋಡಿದ. ಕ್ಯಾಷಿಯರ್ ಮೆಲ್ಲಗೆ ಭೂತಗನ್ನಡಿ ತೆಗೆದ.

"ನಿಂತಿದೆ ಅಂತ ಹೇಳೋಣ ಅಂತಾನೇ ಇದ್ದೆ ಸಾರ್. ಇವನು ಕೈ ನಿಲ್ಲಿಸಿದ್ರಲ್ವಾ ನೋಡೋಕೆ!"

"ನೋಡು, ಗಡಿಯಾರ ಬಲ್ಲೋರು ಅಂದ್ರೆ ಹೀಗಿರ್ಬೇಕು," ಎಂದು ಮ್ಯಾನೇಜರ್ ಕಿಟಕಿಯ ಕುರ್ಚಿಯನ್ನು ಕ್ಯಾಷಿಯರನಿಗೇ ಕೊಟ್ಟರು.

ಗುಮಾಸ್ತ ಹಳೆಯ ಜಾಗದಲ್ಲೇ ಇದ್ದಾನೆ. ರೂಢಿಯಾದ ಕೈ ಇನ್ನೂ ತಾನಾಗಿಯೇ ಬೀಸುತ್ತದೆ. ಆ ಕಡೆ ಹಾದುಹೋಗುವವರೆಲ್ಲ, ಇಷ್ಟು ಮರ್ಯಾದೆಯಿಂದ ಕರೆಯುತ್ತಿದ್ದಾನಲ್ಲ ಎಂದು, ಅವಸರವಿಲ್ಲದಿದ್ದರೂ ಕಕ್ಕಸಿಗೆ ಹೋಗಿಬರುತ್ತಾರೆ.