ಹಣಿ ಕೊಯ್ದು ಮಾಡಿದ ಮೂಗು

ನನಗ ಮೂಗಿನ ತುದೀಗೇ ಸಿಟ್ಟು ಅಂತ ಕಮಲಾಪುರದಾಗ ಸಣ್ಣ ಕೂಸಿಗೆ ಕೇಳಿದ್ರೂ ಹೇಳ್ತದ. ಇರಲಿ, ಸುಳ್ಳಲ್ಲ. ಆದ್ರ ಸಿಟ್ಟು ಇದ್ದ ಜಾಗಕ್ಕೇ ತ್ರಾಸೂ ಬರಬೇಕೇನು? ಒಬ್ಬೊಬ್ಬರಿಗೆ ಎತ್ತು ಕೈ ಕೊಡ್ತದ, ಒಬ್ಬೊಬ್ಬರಿಗೆ ಮಳಿ ಕೈ ಕೊಡ್ತದ. ನನಗ ಏನರ ಆಗೋದಿದ್ರ ಮೂಗಿಗೇ ಆಗ್ತದ, ಅದೂ ನಾಲ್ಕು ಮಂದಿ ಮುಂದನೇ. ಆಗ ರೊಟ್ಟಿ ಗಂಟಲಾಗ ಇಳೀತಿದ್ದಿಲ್ಲ. ಈಗ ಹೇಳಾಕ ಕೂತ್ರ ಕೇಳೋರು ಹೊಟ್ಟಿ ಹಿಡ್ಕೊಂಡು ನಗ್ತಾರ. ನಗ್ರಿ, ನನಗೇನು.

ಎಮ್ಮಿ ಚರ್ಮ

ನಮ್ಮದು ಬಾಳಿ ತೋಟ. ಕಮಲಾಪುರದ ಕೆಂಪು ಬಾಳೆಹಣ್ಣು ಚಕ್ಕಡಿ ತುಂಬ ಹೇರಿ ಕಲಬುರಗಿಗೆ ಒಯ್ಯೋದು, ಶಹಾಬಜಾರದಾಗ ಬಿಸಿಲಾಗ ಕೂತು ಮಾರೋದು. ಕಲಬುರಗಿ ಬಿಸಿಲು ನಿಮಗ ಹೇಳಬೇಕಾಗಿಲ್ಲ. ಅಷ್ಟು ವರ್ಷ ಆ ಬಿಸಿಲು ತಿಂದ ಮೂಗಿನ ಎಡ ಹೊಳ್ಳಿ ಮ್ಯಾಲ, ಮೂಗುತಿ ಬಾಜೂಕ, ಜೋಳದ ಕಾಳಿನಷ್ಟು ಒಂದು ಗುಳ್ಳಿ ಎದ್ದಿತು. ಹಕ್ಕಳಿ ಕಟ್ಟೋದು, ಹಕ್ಕಳಿ ಉದುರಿ ರಕ್ತ ಬರೋದು, ಮತ್ತ ಹಕ್ಕಳಿ. ಅರಿಶಿಣ ಹಚ್ಚಿದೆ, ಬೇವಿನೆಣ್ಣಿ ಹಚ್ಚಿದೆ, ಯಾರೋ ಹೇಳಿದ್ರಂತ ಸುಣ್ಣನೂ ಹಚ್ಚಿ ಒದ್ಯಾಡಿದೆ. ಮಾಯಲಿಲ್ಲ.

ಕಡೀಕ ನಮ್ಮನಿಯವ್ರು ನಿಜಾಮ ಸರಕಾರದ ದವಾಖಾನಿಗೆ ಕರಕೊಂಡು ಹೋದ್ರು. ಡಾಕ್ಟರ್ ಸಾಹೇಬರು ಹೈದರಾಬಾದಿನವ್ರು, ಅರ್ಧ ಕನ್ನಡ ಅರ್ಧ ದಖನಿ. ಮೂಗು ಹಿಡಿದು ಆಕಡೆ ಈಕಡೆ ತಿರುವಿ ನೋಡಿ, "ಅಮ್ಮಾ, ಇದು ಸರತಾನ್. ಏಡಿಹುಣ್ಣು, ಕ್ಯಾನ್ಸರ್. ಬಿಟ್ರ ಮೂಗು ತಿಂದು ಕಣ್ಣಿಗೆ ಹೋಗ್ತದ. ಕೊಯ್ದು ತೆಗೀಬೇಕು" ಅಂದ್ರು.

ನನ್ನ ಜೀವ ಹಾರಿಹೋತು. ಸಾಯೋದಕ್ಕಲ್ಲ. ಇದ್ದಾಕಿ ಒಬ್ಬಾಕೇ ಮಗಳು. ಶಹಾಬಜಾರದ ಒಂದು ಮನಿತನದಾಗ ಮಾತುಕತಿ ಮುಗಿದು, ಸುಗ್ಗಿ ಆದ ಮ್ಯಾಲ ನಿಶ್ಚಯ ಅಂತ ಆಗಿತ್ತು. ಆ ಕಾಲಕ್ಕ ಹೆಣ್ಣಿನ ಮೂಗು ಹೋತಂದ್ರ ಮಂದಿಗೆ ಒಂದೇ ಅರ್ಥ: ನಡತಿ ಕೆಟ್ಟಿತ್ತು, ಗಂಡ ಕೊಯ್ದಾನ. ಅಂಥಾಕಿ ಮಗಳನ್ನ ಯಾರು ಸೊಸಿ ಮಾಡ್ಕೋತಾರ?

"ಘಬರಾವೋ ನಕ್ಕೋ" ಅಂದ್ರು ಡಾಕ್ಟರ್ ಸಾಹೇಬರು. "ಅಂಜಬ್ಯಾಡ. ಹಣಿ ಚರ್ಮ ಕೊಯ್ದು ಕೆಳಗ ತಿರುವಿ ಹೊಸಾ ಮೂಗು ಮಾಡ್ತೀನಿ. ಹಿಂದುಸ್ತಾನದಾಗ ಹಿಂದಿನಿಂದ ಮಾಡ್ಕೋತ ಬಂದಾರ. ಹಣಿ ತಾನ ಮಾಯ್ತದ."

ನಮ್ಮನಿಯವ್ರ ಕಣ್ಣಾಗ ನೀರು ಬಂತು. ಭಾಳ ಮೆತ್ತನ ಮನುಷ್ಯಾ. ಅಂಗಿ ಎತ್ತಿ ಬೆನ್ನು ತೋರಿಸಿ, "ಸಾಹೇಬ್ರ, ಅಕಿ ಹಣಿ ಯಾಕ ಕೊಯ್ತೀರಿ? ನನ್ನ ಬೆನ್ನಿಂದು ಎಷ್ಟು ಬೇಕಷ್ಟು ತೊಗೋರಿ" ಅಂದ್ರು.

"ಒಬ್ಬರ ಚರ್ಮ ಒಬ್ಬರಿಗೆ ಕೂಡಂಗಿಲ್ಲ" ಅಂದ್ರು ಸಾಹೇಬರು.

ಅಂಥಾ ಸಂಕಟದಾಗೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕೂಡೋದಿದ್ರೂ ಬ್ಯಾಡ್ರಿ ಸಾಹೇಬ್ರ" ಅಂದೆ. "ಇಷ್ಟು ವರ್ಷ ಬಯ್ದು ನೋಡೀನಿ, ಒಂದರ ನಾಟ್ಯಾದೇನು ಕೇಳ್ರಿ. ಅದು ಎಮ್ಮಿ ಚರ್ಮ."

ಮೂಗು ಬದುಕ್ಯಾದ, ಇವರನ್ನ ನೋಡ್ರಿ

ಶ್ರಾವಣದಾಗ ಕೊಯ್ದ್ರು. ಮೂರ್ಛಿ ಔಷಧ ಮೂಸಿಸಿದ್ದು ಗೊತ್ತು, ಮುಂದಿಂದು ಗೊತ್ತಿಲ್ಲ. ಎಚ್ಚರಾದಾಗ ಹುಬ್ಬಿನ ನಡುವಿನಿಂದ ಮೂಗಿನತನ ಚರ್ಮದ ಒಂದು ಪಟ್ಟಿ ಇಳಿಬಿದ್ದಿತ್ತು. ಆ ಪಟ್ಟಿಯಾಗಿಂದನೇ ಹೊಸಾ ಮೂಗಿಗೆ ರಕ್ತ ಹೋಗಬೇಕು. ಹೊಸಾ ಜಾಗದಾಗ ಬೇರು ಹಿಡದ ಮ್ಯಾಲ ಪಟ್ಟಿ ಕತ್ತರಿಸ್ತಾರ. ಅಲ್ಲೀತನ ನಾನು ಶಹಾಬಜಾರದಾಗ ನಾದಿನಿ ಮನಿಯಾಗ ಇರೋದು, ದಿನಾ ದವಾಖಾನಿಗೆ ಹೋಗಿ ತೋರಿಸೋದು.

ನಾದಿನಿ ಕೈ ಚೊಲೊ, ಬಾಯಿ ಕೆಟ್ಟದ್ದು. ಒಂದಿನ ಮುಂಜಾನಿ ಅಂಬಲಿ ಕುಡಿಸಾಕ ಬಂದಾಕಿ ನನ್ನ ಮಾರಿ ನೋಡಿ ಬಟ್ಟಲಾ ಕೆಳಗಿಟ್ಲು. "ಯವ್ವಾ ವೈನಿ, ಕರ್ರಗಾಗ್ಯಾದ. ಸತ್ತದ ನೋಡು ಇದು."

"ಯಾವದು ಸತ್ತದ?"

"ನಿನ್ನ ಮೂಗು!"

ಇರೋ ಮೂಗೂ ಹೋತು, ಹಣೀನೂ ಹೋತು, ಮಗಳ ಲಗ್ನಾನೂ ಹೋತು ಅಂತ ಎದಿ ಒಡದು ಅತ್ತೆ. ಅತ್ರ ಮೂಗು ಸೋರ್ತದ, ಅಳಬ್ಯಾಡ ಅಂತ ನಾದಿನಿನೂ ಅಳಾಕತ್ಲು. ನಮ್ಮನಿಯವ್ರು ಜಟಕಾ ತಂದ್ರು.

ಡಾಕ್ಟರ್ ಸಾಹೇಬರು ಬಗ್ಗಿ ನೋಡಿದ್ರು. ಒಂದು ಸೂಜಿ ತೊಗೊಂಡು ಮೂಗಿನ ಮ್ಯಾಲ ಚುಚ್ಚಿದ್ರು. ಚುಚ್ಚಿದ್ದೇ ನನಗ ಗೊತ್ತಾಗಲಿಲ್ಲ. ಎಲ್ಲಾರೂ ಮೂಗೇ ನೋಡಾಕತ್ತಾರ. ಅಷ್ಟರಾಗ ಒಂದು ಕೆಂಪನ್ನ ಹನಿ ಎದ್ದಿತು. "ಶಾಬಾಸ್!" ಅಂತ ಸಾಹೇಬರು ಕುಣಿಯೋದೊಂದು ಬಾಕಿ. "ರಕ್ತ ಬಂತು, ಮೂಗು ಜಿಂದಾ ಅದ! ಮೊದಲು ಬೆಳ್ಳಗಿರ್ತದ, ನಡುವ ನೀಲಿ ಆಗ್ತದ, ಮುಂದ ಗುಲಾಬಿ ಆಗ್ತದ. ಮ್ಯಾಲಿನ ಕರೀ ಹಕ್ಕಳಿ ಉದುರಿ ಹೋಗ್ತದ."

ಆಮ್ಯಾಲ ಧಡ್ ಅಂತ ಸಪ್ಪಳಾತು. ತಿರುಗಿ ನೋಡಿದ್ರ ನಮ್ಮನಿಯವ್ರು ರಕ್ತ ನೋಡಿ ನೆಲದ ಮ್ಯಾಲ ಬಿದ್ದಾರ. ಸಾಹೇಬರು ಸೂಜಿ ಇಟ್ಟು ಕಂಪೌಂಡರಗ ಅಂದ್ರು, "ಅಮ್ಮಂದು ಮೂಗು ಬದುಕ್ಯಾದ. ಇವರನ್ನ ನೋಡ್ರಿ, ಬದುಕ್ಯಾರೇನು."

ಠಾಣೇದಾಗ

ಪಟ್ಟಿ ಕತ್ತರಿಸಿದ ಮರುದಿನ ಊರಿಗೆ ಹೊಂಟಿದ್ವಿ. ಮಾರಿ ತುಂಬ ಬಟ್ಟಿ ಸುತ್ತಿದ್ರು. ಬಜಾರದಾಗ ನನ್ನನ್ನ ಒಂದು ಕಟ್ಟಿ ಮ್ಯಾಲ ಕೂಡಿಸಿ ನಮ್ಮನಿಯವ್ರು ಎಳನೀರು ತರಾಕ ಹೋದ್ರು. ಒಬ್ಬಾಕಿ ಬಂದು ನಿಂತ್ಲು, ಇಬ್ಬರು ಬಂದ್ರು, ಗುಂಪು ಕೂಡಿತು.

"ಯಾರು ಕೊಯ್ದ್ರಬೇ?"

ಬಟ್ಟಿ ಒಳಗಿಂದ ಮಾತಾಡೋದು ಕಷ್ಟ. "ದವಾಖಾನಿಯಾಗ" ಅಂತ ನಾನು ಅನ್ನೂದರಾಗ ನಮ್ಮನಿಯವ್ರು ಎಳನೀರು ಹಿಡ್ಕೊಂಡು ಬಂದ್ರು. ಎಳನೀರು ಕೆತ್ತಿದ ಕುಡಗೋಲು, ಅಂಗಡಿಯವ ಹಿಡ್ಕೋ ಅಂದಿದ್ದಕ್ಕ, ಅವರ ಕೈಯಾಗೇ ಇತ್ತು! ಗುಂಪಿನಾಗ ಯಾರೋ ಒದರಿದ್ರು, "ಇವನೇ ಗಂಡ! ಕುಡಗೋಲು ನೋಡ್ರಿ!"

ಮುಗೀತು. ಒಬ್ಬ ಪೊಲೀಸ ಜವಾನ ಬಂದು ಕುತ್ತಿಗಿ ಪಟ್ಟಿ ಹಿಡದು ಠಾಣೇಕ ಎಳಕೊಂಡು ಹೋದ. ನಾನು ಹಿಂದಿಂದ ಓಡಿದೆ. ಠಾಣೇದ ದೊಡ್ಡ ಅಧಿಕಾರಿ ಅಮೀನ ಸಾಹೇಬರು ಮೀಸಿ ತಿರುವಿ, "ಖರೇ ಹೇಳೋ, ಹೆಂಡ್ತಿ ಮೂಗು ಯಾಕ ಕೊಯ್ದಿ?" ಅಂದ್ರು. ನಮ್ಮನಿಯವ್ರ ಬಾಯಿಂದ ಶಬ್ದನೇ ಬರವಲ್ದು. ಒಳಗ ಹಾಕ್ತಾರಂತ ನನಗ ಗಾಬರಿ ಆತು. ಈ ಸುದ್ದಿ ಕಿವಿಗೆ ಬಿದ್ರ ಬೀಗರು ನಮ್ಮ ಮನಿ ಕಡೆ ಹಾಯ್ತಾರೇನು?

ಗಾಬರಿ ಆದ್ರ ನನಗ ಅಳು ಬರಂಗಿಲ್ಲ, ಸಿಟ್ಟು ಬರ್ತದ. ಬಟ್ಟಿ ಕೆಳಗ ಜಗ್ಗಿ ಶುರು ಮಾಡ್ದೆ. "ಬಾಯಿ ಸತ್ತದೇನ್ರಿ ನಿಮ್ದು? ದವಾಖಾನಿ ಅಂತ ಹೇಳಾಕ ಏನು ಧಾಡಿ? ಎಳನೀರು ತಾ ಅಂದ್ರ ಕುಡಗೋಲು ಯಾಕ ತಂದ್ರಿ? ನೆಳ್ಳಾಗ ಕೂಡಿಸ್ರಿ ಅಂದ್ರ ನಡುಬಜಾರದಾಗ ಕೂಡಿಸಿದ್ರಿ! ನಿಮ್ಮನ್ನ ಕಟ್ಕೊಂಡು ನನ್ನ ಜಲ್ಮ ಎಲ್ಲಾ..." ಎಷ್ಟೊತ್ತು ಬೈದೆನೋ, ಅವರು ತೆಲಿ ಬಗ್ಗಿಸಿ ಎಳನೀರು ಹಿಡ್ಕೊಂಡು ನಿಂತೇ ಇದ್ರು.

ಅಮೀನ ಸಾಹೇಬರು ಸಾಕು ಅಂತ ಕೈ ಎತ್ತಿ ಜವಾನನ ಕಡೆ ತಿರುಗಿದ್ರು. "ಬಿಡು ಇವನ್ನ. ಇವ ಕೊಯ್ಯೋ ಮನುಷ್ಯಾ ಆಗಿದ್ರ ಮೊದಲು ನಾಲಿಗಿ ಕೊಯ್ತಿದ್ದ."

ಹಂಡೇದ ನೀರು

ಊರಿಗೆ ಬಂದ ಮ್ಯಾಲ ಮನಿಯಾಗ ಒಂದೂ ಕನ್ನಡಿ ಇಲ್ಲ. ಮಗಳಿಗೆ ಕೇಳಿದ್ರ ಒಡೀತು ಅಂತಾಳ, ಅವರಿಗೆ ಕೇಳಿದ್ರ ಯಾರೋ ಒಯ್ದಾರ ಅಂತಾರ. ನನಗೇನು ತಿಳಿಯಂಗಿಲ್ಲೇನು? ಎಲ್ಲಾರೂ ತೋಟಕ್ಕ ಹೋದಾಗ ಬಚ್ಚಲದಾಗ ತಾಮ್ರದ ಹಂಡೇಕ್ಕ ನೀರು ತುಂಬಿ ಬಗ್ಗಿ ನೋಡ್ದೆ.

ಅಯ್ಯ ಶಿವನ! ಬಾತು ಬದನಿಕಾಯಿ ಆಗ್ಯಾದ. ಒಂದು ಕಡೆ ಮಿಂಚತದ, ಒಂದು ಕಡೆ ಹಳೇ ಚರ್ಮ, ನಡುವ ಹೊಲಿಗಿ ಗೀರು. ಇಷ್ಟು ಸಾಲದಂತ ಮೂಗಿನ ತುದಿಗೆ ಒಂದು ಹಸರು ಚುಕ್ಕಿ. ತಿಕ್ಕಿದೆ, ಹೋಗವಲ್ದು. ಆಮ್ಯಾಲ ಹೊಳೀತು: ಸಣ್ಣಾಕಿ ಇದ್ದಾಗ ನಮ್ಮವ್ವ ಹಣಿಗೆ ಹಾಕಿಸಿದ್ದ ಹಚ್ಚಿಬೊಟ್ಟು! ಹಣಿ ಚರ್ಮದ ಜೋಡಿ ಅದೂ ಕೆಳಗ ಇಳದು ಬಂದದ.

ಬಚ್ಚಲದಾಗೇ ಕೂತು ಅತ್ತೆ. ಆ ಹೊತ್ತಿಗೇ ಬೀಗರ ಕಡಿಂದ ಮಾತು ಬಂದಿತ್ತು: "ನಿಶ್ಚಯಕ್ಕ ಅವಸರ ಬ್ಯಾಡ. ಸುಗ್ಗಿ ಆದ ಮ್ಯಾಲ ನಾವೇ ಬಂದು ಒಮ್ಮೆ ನೋಡ್ತೀವಿ." ಏನು ನೋಡ್ತಾರ? ಹುಡುಗೀನ್ನ ನೋಡ್ಯಾರ, ತೋಟ ನೋಡ್ಯಾರ. ಬಜಾರದ ಸುದ್ದಿ ಅವರ ಕಿವಿಗೆ ಹೋಗ್ಯಾದ, ನನ್ನ ಮೂಗು ನೋಡಾಕ ಬರಾಕತ್ತಾರ. ಮಗಳ ಕಣ್ಣು ನೋಡಾಕ ನನಗ ಧೈರ್ಯ ಇದ್ದಿಲ್ಲ.

ನಮ್ಮನಿಯವ್ರು ತೋಟದಿಂದ ಬಂದು ಬಚ್ಚಲ ಬಾಗಿಲಾಗ ಕೂತ್ರು. "ಸಾಹೇಬರು ಹೇಳ್ಯಾರಲ್ಲ, ದಿನಾ ಎಣ್ಣಿ ಹಚ್ಚಿ ಮೆತ್ತಗ ತಿಕ್ಕು, ಬಿಸಿಲಿಗೆ ಹೋಗಬ್ಯಾಡ, ಬಾವು ಇಳೀತದ, ಬಣ್ಣ ಕೂಡ್ತದ ಅಂತ. ಮತ್ತ ಆ ಬೊಟ್ಟು..." ಅಂತ ಸ್ವಲ್ಪ ಯೋಚನಿ ಮಾಡಿ, "ದೂರಿಂದ ನೋಡಿದ್ರ ಮೂಗುತಿ ಕಂಡಂಗ ಕಾಣ್ತದ ಬಿಡು" ಅಂದ್ರು.

"ದೂರಿಂದ ನೋಡಿದ್ರ ನೀವೂ ಶ್ಯಾಣ್ಯಾರ ಕಂಡಂಗ ಕಾಣ್ತೀರಿ" ಅಂದೆ.

ನೊಣ

ಸುಗ್ಗಿ ಮುಗೀತು, ಬೀಗರು ಬಂದ್ರು. ಹುಡುಗನ ಅಪ್ಪ, ಅವ್ವ, ಮತ್ತ ಅಜ್ಜಿ. ಆ ಮನಿಯಾಗ ಅಜ್ಜಿ ಹೇಳಿದ್ದೇ ಮಾತು. ಬಾವು ಇಳದಿತ್ತು, ಬಣ್ಣನೂ ಮುಕ್ಕಾಲು ಕೂಡಿತ್ತು. ಆದ್ರ ಕುರುಡರೇನಲ್ಲ ಅವರು. ನಾನು ಸೆರಗು ಹುಬ್ಬಿನ ಮಟ ಜಗ್ಗಿಕೊಂಡು ಕೂತೆ. ಅಜ್ಜಿ ನನ್ನ ಮೂಗಿನಿಂದ ಕಣ್ಣು ತೆಗೀವಲ್ಲಳು. ಯಾರೂ ಬಾಯಿ ಬಿಟ್ಟು ಕೇಳವಲ್ರು, ನಾವು ಬಾಯಿ ಬಿಟ್ಟು ಹೇಳವಲ್ವಿ. ನಾವಾಗೇ ಹೇಳಿದ್ರ ತಪ್ಪು ಮುಚ್ಚಾಕ ಕತಿ ಕಟ್ತಾರ ಅಂದಾರು ಅಂತ ಅಂಜಿಕಿ.

ತಾಟಿನಾಗ ಎಲಿ-ಅಡಕಿ, ಕುಂಕುಮ, ನಮ್ಮ ತೋಟದ ಕೆಂಪು ಬಾಳೆಹಣ್ಣು. ಹಣ್ಣು ಅಂದ ಮ್ಯಾಲ ನೊಣ ಬರೋದೇ. ಹುಡುಗನ ಅಪ್ಪ ಎಲಿ-ಅಡಕಿ ಕೈಯಾಗ ತೊಗೊಂಡು ಅಜ್ಜಿ ಮಾರಿ ನೋಡಿದ್ರು. ಅಷ್ಟರಾಗ ನನ್ನ ಹಣಿ ಮ್ಯಾಲ ಏನೋ ಹರದಂಗಾತು. ಫಟ್ ಅಂತ ಹಣಿಗೆ ಹೊಡಕೊಂಡೆ.

ಎಲ್ಲಾರೂ ನನ್ನ ಕಡೆ ನೋಡಿದ್ರು. ಮತ್ತ ಹರೀತು. ಮತ್ತ ಫಟ್, ಈ ಸಲ ಜೋರಾಗಿ.

ಹುಡುಗನ ಅವ್ವ ತಾಟು ದೂಡಿಬಿಟ್ಲು. "ಏನ್ರಿ ಬೀಗತಿ! ಶುಭಕಾರ್ಯದಾಗ ಹಣಿ ಹಣಿ ಬಡಕೋತೀರಿ? ನಮ್ಮ ಹುಡುಗ ಸಿಕ್ಕದ್ದು ನಿಮಗ ಅಷ್ಟು ದುರ್ದೈವ ಆತೇನು?"

"ಇಲ್ರಿ ಯವ್ವಾ, ನೊಣ! ಹಣಿ ಮ್ಯಾಲ ನೊಣ ಕೂತದ!"

"ಹಣಿ ಮ್ಯಾಲ ಎಲ್ಲಿ ಅದ?" ಅಂದ್ರು ಹುಡುಗನ ಅಪ್ಪ. "ಆವಾಗಿಂದ ಮೂಗಿನ ಮ್ಯಾಲ ಕೂತದಲ್ರಿ!"

ನಾನು ಮೂಗಿನ ಮ್ಯಾಲ ಕೈ ಬೀಸಿದೆ. ನೊಣ ಹಾರಿತು. ಹಣಿ ಮ್ಯಾಲ ಹರಿಯೋದು ನಿಂತಿತು! ನನಗೇ ತಿಳೀಲಿಲ್ಲ ಏನಾತಂತ. ಇಷ್ಟು ತಿಂಗಳು ಆ ಮೂಗಿಗೆ ಮುಟ್ಟಿದ್ದೂ ಗೊತ್ತಾಗ್ತಿದ್ದಿಲ್ಲ. ನಮ್ಮನಿಯವ್ರು ಹೆದರಿಕೋತ ಬಾಯಿ ಬಿಟ್ರು. "ಅದರಿ, ಹುಣ್ಣಾಗಿತ್ತಂತ ಡಾಕ್ಟರ್ ಸಾಹೇಬರು ಹಣಿ ಚರ್ಮ ಕೊಯ್ದು ಮೂಗಿಗೆ ಹಚ್ಯಾರ್ರಿ. ಆ ಚರ್ಮಕ್ಕಿನ್ನೂ ತಾನು ಹಣಿ ಮ್ಯಾಲೇ ಇದ್ದೀನಂತ ತಿಳದದೋ ಏನೋ..."

"ಮಳ್ಳ ಮಾಡ್ತೀರೇನು ನಮಗ?" ಅಂತ ಅಜ್ಜಿ ಎದ್ದು ನನ್ನ ಮುಂದ ಬಂದು ಕೂತ್ಲು. "ಕಣ್ಣು ಮುಚ್ಚು. ನಾ ಮುಟ್ತೀನಿ. ಎಲ್ಲಿ ಅಂತ ಹೇಳು."

ಕಣ್ಣು ಮುಚ್ಚಿದೆ. "ಬೈತಲಿ ಕೆಳಗ" ಅಂದೆ. ಹುಡುಗನ ಅಪ್ಪ ಅಂದ್ರು, "ಅವ್ವ ಮೂಗಿನ ತುದಿ ಮುಟ್ಯಾಳ!" ಮತ್ತ ಮುಟ್ಟಿದ್ಲು. "ಎಡ ಹುಬ್ಬಿನ ಮ್ಯಾಲ" ಅಂದೆ. ಅದು ಮೂಗಿನ ಹೊಳ್ಳಿ ಆಗಿತ್ತಂತ.

ಅಜ್ಜಿ ಹೊಟ್ಟಿ ಕುಣಿಸಿ ನಗಾಕತ್ಲು. ನಕ್ಕು ನಕ್ಕು ಕಣ್ಣಾಗ ನೀರು ಬಂದು, ಮಗನಿಗೂ ಸೊಸೀಗೂ ಬೈದ್ಲು. "ಗಂಡ ಕೊಯ್ದ ಮೂಗು ಹಣಿ ಸುದ್ದಿ ಹೇಳ್ತದೇನೋ? ಮಂದಿ ಮಾತು ಕೇಳಿ ಇಂಥಾ ಮನಿ ಬಿಡಾಕ ಹೊಂಟಿದ್ವಿ. ಎಲಿ-ಅಡಕಿ ಕೊಡು. ನೀ ಬೀಗತಿಗೆ ಕುಂಕುಮ ಹಚ್ಚು."

ಹುಡುಗನ ಅವ್ವ ನನ್ನ ಹಣಿಗೆ, ಕೊಯ್ದ ಕಲಿ ಇದ್ದ ಜಾಗಕ್ಕ ಕುಂಕುಮ ಹಚ್ಚಿದ್ಲು. ನಾನು ಕಣ್ಣು ಮುಚ್ಚಿ ಕಾಯಾಕತ್ತೀನಿ.

"ಹಚ್ಚಿದ್ರೇನ್ರಿ?"

"ಹಚ್ಚೀನಲ್ರಿ!"

"ನನಗೇನೂ ಮುಟ್ಟಲಿಲ್ರಿ" ಅಂದೆ. ಯಾಕೋ ಅಳು ಬಂದಂಗಾತು. ಮಗಳ ನಿಶ್ಚಯದ ಕುಂಕುಮ, ಮುಟ್ಟಿದ್ದು ಗೊತ್ತಾಗಬಾರದೇನು?

ಅಜ್ಜಿ ಸೊಸಿ ಕೈ ಹಿಡದು ಕೆಳಗ ತಂದು ನನ್ನ ಮೂಗಿನ ತುದಿಗೆ ಇಡಿಸಿದ್ಲು. ತಣ್ಣಗ, ಬೈತಲಿ ಕೆಳಗ, ನಮ್ಮವ್ವ ಹಚ್ತಿದ್ದ ಜಾಗದಾಗೇ ಬೆರಳು ಮುಟ್ಟಿತು. "ಈಗ ಹಣಿಗೆ ಮುಟ್ಟಿತ್ರಿ" ಅಂದೆ. ಮಗಳು ಬಾಗಲದ ಹಿಂದ ಬಾಯಿಗೆ ಸೆರಗು ತುರಕೊಂಡು ನಗಾಕತ್ತಿದ್ಲು. ಎಷ್ಟೋ ತಿಂಗಳ ಮ್ಯಾಲ ಅಕಿ ನಗಿ ಕೇಳಿದ್ದೆ.

ಬೀಗರ ಚಕ್ಕಡಿ ಓಣಿ ದಾಟೂತನ ನಾನು ಕೆಂಪು ಮೂಗು ಹೊತ್ಕೊಂಡೇ ಬಾಗಲದಾಗ ನಿಂತಿದ್ದೆ. ಹೋಗೋ ಬರೋ ಮಂದಿ ನಿಂತು ನಿಂತು ನೋಡಾಕತ್ತಿದ್ರು. ನಮ್ಮನಿಯವ್ರು ನಾಚಿ ಕಿವಿಯಾಗ ಅಂದ್ರು, "ಸಾಕಿನ್ನ, ಮಂದಿ ನಗ್ತಾರ, ಒರಸ್ಕೋ."

"ಮುತ್ತೈದಿ ಹಣಿ ಮ್ಯಾಲಿನ ಕುಂಕುಮ ರೀ ಇದು" ಅಂದೆ. "ನೀವು ಇರೋತನ ಒರಸಂಗಿಲ್ಲ."